ಅಡಿಕೆ ಹಂಡೆ, ಕತ್ತಲೆ ಮತ್ತು ಫೋನಿನ ರಾ ಫೋಟೊ

ದೊಡ್ಡಮ್ಮನ ಮನೆ ಇರುವುದು ತೀರ್ಥಹಳ್ಳಿ ಕಡೆ. ಕೊಯ್ಲಿನ ಸಮಯದಲ್ಲಿ ಬೆಳಗಿನ ಜಾವ ಐದಕ್ಕೇ ಒಲೆಗೆ ಉರಿ ಹಾಕಿರುತ್ತಾರೆ. ಹಂಡೆಯಲ್ಲಿ ಸುಲಿದ ಅಡಿಕೆ ಕುದಿಯುತ್ತಿರುತ್ತದೆ. ಕೆಳಗೆ ಬೆಂಕಿ, ಮೇಲೆ ಹಬೆ, ಸುತ್ತ ಕತ್ತಲೆ. ಇದನ್ನು ಫೋನಿನಲ್ಲಿ ಹಿಡಿಯೋಕೆ ಎರಡು ಕೊಯ್ಲು ಒದ್ದಾಡಿದ್ದೇನೆ.

ಕತ್ತಲೆ ಕಂಡರೆ ಫೋನಿಗೆ ಸಮಾಧಾನ ಇರಲ್ಲ. ನಾಲ್ಕಾರು ಫ್ರೇಮ್ ಸೇರಿಸಿ, ನೆರಳನ್ನೆಲ್ಲ ಬೆಳಗಿಸಿ, ಹಬೆಯನ್ನು ಒರೆಸಿಬಿಡುತ್ತದೆ. ಮೊದಲ ಫೋಟೊ ನೋಡಿ ದೊಡ್ಡಮ್ಮ, "ಎಂತ ಮಾರಾಯ, ಇಲ್ಲಿ ಟ್ಯೂಬ್‌ಲೈಟ್ ಹಾಕಿದ್ದು ಯಾವಾಗ?" ಅಂದರು. ಮಳೆಗಾಲದ ಆಗುಂಬೆಯಲ್ಲೂ ಇದೇ ಕಥೆ. ಮಂಜು ಮಾಯ, ಕಾಡೆಲ್ಲ ಗಿಳಿಹಸಿರು.

ಆಮೇಲೆ ರಾ ಶುರು ಮಾಡಿದೆ, ಅಂದರೆ ಫೋನು ತಿದ್ದಿ ತೀಡದೆ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲು. ಓಪನ್ ಕ್ಯಾಮೆರಾ ಆ್ಯಪ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ "ಕ್ಯಾಮೆರಾ 2 ಎಪಿಐ" ಅನ್ನುವುದನ್ನು ಆರಿಸಿದರೆ ರಾ ಆಯ್ಕೆ ಸಿಗುತ್ತದೆ. ಎಲ್ಲ ಫೋನಿನಲ್ಲೂ ಸಿಗಲ್ಲ, ನನ್ನ ಹಳೆಯದರಲ್ಲಿ ಇರಲೇ ಇಲ್ಲ. ಫೈಲು ಡಿಎನ್‌ಜಿ ಅನ್ನೋ ರಾ ರೂಪದಲ್ಲಿ ಬರುತ್ತದೆ. ತೆರೆದು ನೋಡಿದರೆ ಬೂದಿ ಬಳಿದಂಥ ಸಪ್ಪೆ ಚಿತ್ರ! ಕ್ಯಾಮೆರಾ ಕೆಟ್ಟಿದೆ ಅಂತ ಮೊದಲ ಮೂವತ್ತನ್ನು ಅಳಿಸಿಯೇ ಬಿಟ್ಟೆ. ಈಗಲೂ ಹೊಟ್ಟೆ ಉರಿಯುತ್ತದೆ.

ಸಪ್ಪೆ ಇರುವುದೇ ಸರಿ. ಅದು ಬೇಯಿಸದ ಅಡಿಕೆ ಇದ್ದ ಹಾಗೆ, ಬಣ್ಣ ನಾವು ಕಟ್ಟಬೇಕು. ಫೋನಿನ ಮಾಮೂಲಿ ಫೋಟೊ ಫೈಲಾದ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ನನ್ನ ಫೋನಿನ ರಾದಲ್ಲಿ 10 ಬಿಟ್, ಅಂದರೆ 1,024. ಕತ್ತಲೆಯನ್ನು ಸ್ವಲ್ಪ ಎಳೆದಾಡಿದರೂ ಹರಿಯಲ್ಲ. ಹರಿಯುವುದು ಬೆಂಕಿ. ಉರಿ ಒಮ್ಮೆ ಪೂರ್ತಿ ಬೆಳ್ಳಗಾದರೆ ರಾ ಇದ್ದರೂ ವಾಪಸ್ ಬರಲ್ಲ. ಒಂದು ಬೆಳಗಿನ ಫೋಟೊ ಪೂರ್ತಿ ಹಾಗೇ ಹೋಯಿತು.

ಈಗ ಉರಿಯನ್ನು ನೋಡಿಯೇ ಬೆಳಕು ಅಳೆಯುತ್ತೇನೆ. ಬೆಳಕು ಹಿಗ್ಗಿಸುವ ಐಎಸ್‌ಒ 100, ಬೆಳಕು ಒಳಬಿಡುವ ಶಟರ್ ಸಮಯ 1/15 ಸೆಕೆಂಡು. ಕೈ ನಡುಗುತ್ತದೆ ಅಲ್ವಾ, ಅದಕ್ಕೆ ಹೆಡಿಗೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಫೋನು ಒರಗಿಸುತ್ತೇನೆ. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ತಾಗಿ ಅಲುಗುವುದೂ ಇಲ್ಲ. ಪರದೆಯಲ್ಲಿ ಚಿತ್ರ ತೀರಾ ಕಪ್ಪಾಗಿ ಕಾಣುತ್ತದೆ, ಕಾಣಲಿ.

ಎಡಿಟ್ ಮಾಡುವುದು ಲೈಟ್‌ರೂಮ್ ಆ್ಯಪ್‌ನಲ್ಲಿ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಕೆಂಪು-ನೀಲಿ ಛಾಯೆ ಸರಿಮಾಡುವುದು. ಆಟೋ ಬಿಟ್ಟರೆ ಉರಿಯ ಕೆಂಪನ್ನೇ ತೊಳೆದುಹಾಕುತ್ತದೆ. 4,500 ಕೆಲ್ವಿನ್ (ಆ ಛಾಯೆಯ ಅಳತೆ) ಹತ್ತಿರ ಇಟ್ಟಾಗ ಚೊಗರಿನ, ಅಂದರೆ ಅಡಿಕೆ ಕುದಿಸಿದ ಕೆಂಪು ನೀರಿನ, ಬಣ್ಣ ನಿಜಕ್ಕೆ ಹತ್ತಿರ ಬಂತು. ಆಮೇಲೆ ಬೆಳಕಿನ ಭಾಗದ ಹೈಲೈಟ್ಸ್ ಇಳಿಸಿ, ನೆರಳಿನ ಭಾಗದ ಶಾಡೋಸ್ ಸ್ವಲ್ಪವೇ ಏರಿಸುತ್ತೇನೆ. ಏರಿಸಿದಷ್ಟೂ ರವೆ ಚೆಲ್ಲಿದ ಹಾಗೆ ಚುಕ್ಕಿ ಏಳುತ್ತವೆ. ಅದನ್ನು ಒರೆಸೋ ನಾಯ್ಸ್ ರಿಡಕ್ಷನ್ 25 ದಾಟಿಸಲ್ಲ. ದಾಟಿದರೆ ದೊಡ್ಡಮ್ಮನ ಮುಖದ ಸುಕ್ಕೆಲ್ಲ ಮೇಣವಾಗುತ್ತದೆ.

ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. 12 ಮೆಗಾಪಿಕ್ಸೆಲ್‌ನ ಒಂದು ಫೈಲು 24 ಎಂಬಿ, ನಲವತ್ತು ತೆಗೆದರೆ ಹೆಚ್ಚುಕಮ್ಮಿ ಒಂದು ಜಿಬಿ. ಡಿಎನ್‌ಜಿಯನ್ನೇ ವಾಟ್ಸಾಪ್ ಮಾಡಿ, "ತೆರೆಯಲ್ಲ" ಅಂತ ಬೈಸಿಕೊಂಡದ್ದೂ ಆಯಿತು. ಕಳಿಸುವಾಗ ಜೆಪೆಗ್ ಮಾಡಲೇಬೇಕು.

ಕೊನೆಗೆ ಬಂದ ಫೋಟೊದಲ್ಲಿ ಹಬೆ ಇದೆ, ಉರಿ ಇದೆ, ದೊಡ್ಡಮ್ಮನ ಒಂದು ಕೆನ್ನೆ ಮಾತ್ರ ಕೆಂಪಗಿದೆ. ನನಗೆ ತುಂಬಾ ಇಷ್ಟ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಉಳಿದರ್ಧ ಮುಖ ಎಲ್ಲಿ?" ಮಗಳಿಗೆ ಕಳಿಸಿದ್ದು ಆ ಟ್ಯೂಬ್‌ಲೈಟ್ ಫೋಟೊವನ್ನೇ.