ಕುರ್ಲಿಗಳ ಸಾಮ್ರಾಜ್ಯ: ಮಾಸ್ಟರ್ ಆಫ್ ಓರಿಯಾನ್ 2ರಲ್ಲಿ ನನ್ನ ಅನುಭವ

ಮಾಸ್ಟರ್ ಆಫ್ ಓರಿಯಾನ್ 2 ಅಂದರೆ ಒಂದು ರೇಸ್ (ಜೀವಿಕುಲ) ಹಿಡಿದು, ಗ್ರಹಗಳಲ್ಲಿ ಕಾಲನಿ ಕಟ್ಟಿ, ಟರ್ನ್ ಟರ್ನಾಗಿ ಗ್ಯಾಲಕ್ಸಿ ಗೆಲ್ಲುವ ಕಂಪ್ಯೂಟರ್ ಆಟ. ಇದನ್ನು ಬರೆಯಲು ಕಾರಣ ಶಿರಸಿಯ ನನ್ನ ಗೆಳೆಯ. ಇಂಪಾಸಿಬಲ್ ಎಂಬ ಅತಿ ಕಷ್ಟದ ಲೆವೆಲ್‌ನಲ್ಲಿ ಅಕ್ವಾಟಿಕ್ (ನೀರಿನ) ರೇಸ್ ಹಿಡಿದು, ಅದನ್ನೂ ರಿಪಲ್ಸಿವ್ (ಯಾರೂ ಸ್ನೇಹ ಮಾಡದಂಥದ್ದು) ಮಾಡಿಕೊಂಡು, ಎಲ್ಲ ರೇಸ್‌ಗಳೂ ಸೇರಿ ನಾಯಕನನ್ನು ಆರಿಸುವ ಕೌನ್ಸಿಲ್ ವೋಟಿನಲ್ಲಿ ಗೆಲ್ಲುತ್ತೇನೆ ಅಂದಾಗ ಅವನು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದ. "ಎಂತ ಮಾರಾಯ, ಯಾರೂ ಮಾತಾಡಿಸದವನಿಗೆ ವೋಟು ಹಾಕೋರು ಯಾರು?" ಅಂತ ಕೇಳಿದ. ನಾನು ಗೆದ್ದೆ. ವೋಟು ಹಾಕಿದವನೂ ನಾನೇ.

ನನ್ನ ಕೆಲಸ ಕಾರವಾರದ ಬೈತಖೋಲ ಬಂದರಿನಲ್ಲಿ ಐಸ್ ಲೆಕ್ಕ ಬರೆಯುವುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿ, ಐಸ್ ಕೇಳುವವರಿಲ್ಲ, ಹೊರಗೆ ಬಿಡದ ಮಳೆ. ಆ ಎರಡು ತಿಂಗಳು ನಾನು ಗ್ಯಾಲಕ್ಸಿಯಲ್ಲಿರುತ್ತೇನೆ. ಮೂರು ಮಳೆಗಾಲ ಸೋತೆ, ನಾಲ್ಕನೆಯದರಲ್ಲಿ ದಾರಿ ಸಿಕ್ಕಿತು.

ಆಟ 1996ರದು, ನಿಮಗೆ ಗೊತ್ತೇ ಇದೆ. ಹಳೆ ಆಟ ಓಡಿಸುವ ಡಾಸ್‌ಬಾಕ್ಸ್, ಆಟದ ತಪ್ಪು ತಿದ್ದುವ 1.31 ಪ್ಯಾಚ್, ಇವನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಖರ್ಚಿನ ಮಾತು ಮಾತ್ರ ಹೇಳಲೇಬೇಕು. ಆಟ ಸೇಲ್‌ನಲ್ಲಿ ಇನ್ನೂರು ರೂಪಾಯಿಯ ಒಳಗೇ ಬಂತು. ಆದರೆ ಹಳೆ ಲ್ಯಾಪ್‌ಟಾಪಿಗೆ 9 ಸಾವಿರ, ಅದರ ಬ್ಯಾಟರಿ ಉಬ್ಬಿದ್ದಕ್ಕೆ 2 ಸಾವಿರದ ಮೇಲೆ, ಕರೆಂಟ್ ಹೋಗುತ್ತದೆಂದು ಒಂದು ಯುಪಿಎಸ್ 3 ಸಾವಿರ ಚಿಲ್ಲರೆ. ಉಪ್ಪು ಗಾಳಿಗೆ ಸ್ಕ್ರೀನಿನ ಹಿಂಜ್ ತುಕ್ಕು ಹಿಡಿದು ಮುರಿಯಿತು. ಈಗ ಸ್ಕ್ರೀನ್ ಅಕ್ಕಿ ಡಬ್ಬಕ್ಕೆ ಒರಗಿ ನಿಂತಿದೆ. ಇನ್ನೂರು ರೂಪಾಯಿ ಆಟಕ್ಕೆ ಹದಿನಾಲ್ಕು ಸಾವಿರ ಹಾಕಿದ ಲೆಕ್ಕವನ್ನು ಹೆಂಡತಿ ಆಗಾಗ ನೆನಪಿಸುತ್ತಾಳೆ.

ರೇಸ್ ರೂಪಿಸುವುದು ಪಿಕ್ ಎಂಬ ಅಂಕಗಳಿಂದ; ಗುಣ ಕೊಂಡರೆ ಪಿಕ್ ಖರ್ಚು, ದೌರ್ಬಲ್ಯ ಒಪ್ಪಿದರೆ ಪಿಕ್ ವಾಪಸ್. ಮೊದಲ ವರ್ಷ ಎಲ್ಲರ ಹಾಗೆ ನಾನೂ ಕ್ರಿಯೇಟಿವ್ (ಪ್ರತಿ ಹಂತದ ಎಲ್ಲ ಆವಿಷ್ಕಾರವೂ ಸಿಗುವ ಗುಣ) ಹಿಂದೆ ಬಿದ್ದೆ. ಕ್ರಿಯೇಟಿವ್ 8, ಡೆಮಾಕ್ರಸಿ 7, ಎರಡಕ್ಕೇ 15 ಪಿಕ್ ಹೋಯಿತು. ಸಂಶೋಧನೆ ಓಡುತ್ತದೆ, ಸುಳ್ಳಲ್ಲ. ಆದರೆ ಇಂಪಾಸಿಬಲ್‌ನಲ್ಲಿ ಪಕ್ಕದವನು ನಾವು ಲ್ಯಾಬ್ ಕಟ್ಟಿ ಮುಗಿಸುವವರೆಗೆ ಕಾಯುವುದಿಲ್ಲ. ಐದು ಆಟದಲ್ಲಿ ನಾಲ್ಕು ಸಲ ಆಟದೊಳಗಿನ ವರ್ಷ 3510ರ ಒಳಗೇ (ಶುರು 3500ರಿಂದ) ಮನೆ ಗ್ರಹ ಹೋಯಿತು. ಐದನೆಯದನ್ನು ನಾನೇ ಬಿಟ್ಟುಬಿಟ್ಟೆ, ನೋಡಲಾಗಲಿಲ್ಲ.

ಶಿರಸಿ ಗೆಳೆಯನ ಮಂತ್ರ ಯೂನಿಫಿಕೇಶನ್ (ಎಲ್ಲರೂ ಒಂದಾಗಿ ದುಡಿಯುವ ಆಡಳಿತ) ಮತ್ತು ಟಾಲರೆಂಟ್ (ಎಂಥ ಹವೆಯನ್ನೂ ತಾಳುವ ಗುಣ). ಅವನು ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಸಿ ಬಂದು ಇದನ್ನೇ ಆಡುತ್ತಾನೆ, ಗೆಲ್ಲುತ್ತಾನೆ ಕೂಡ. ಪೊಲ್ಯೂಷನ್ ಇಲ್ಲ, ಎಲ್ಲಿ ಬೇಕಾದರೂ ಕಾಲನಿ. ಆದರೆ ಟಾಲರೆಂಟ್ ಒಂದೇ 10 ಪಿಕ್ ತಿನ್ನುತ್ತದೆ. ಅಷ್ಟು ಕೊಟ್ಟು ಏನು ಸಿಗುತ್ತದೆ ಅಂತ ಐಸ್ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು ನೋಡಿದೆ. ಮೀಡಿಯಂ ಸೈಜಿನ ಟುಂಡ್ರಾ ಗ್ರಹ ತೆಗೆದುಕೊಳ್ಳಿ. ಮಾಮೂಲಿ ರೇಸಿಗೆ ಅಲ್ಲಿ ಹಿಡಿಯುವ ಜನಸಂಖ್ಯೆ 4ರ ಹತ್ತಿರ. ಟಾಲರೆಂಟ್‌ಗೆ ಏಳೆಂಟು. ಅಕ್ವಾಟಿಕ್‌ಗೆ ಟುಂಡ್ರಾ, ಸ್ವಾಂಪ್ (ಜೌಗು) ಎರಡೂ ಟೆರಾನ್ (ಭೂಮಿಯಂಥ ಗ್ರಹ) ಲೆಕ್ಕ, ಹಾಗಾಗಿ 12. ಅದರ ಮೇಲೆ ಸಬ್‌ಟೆರೇನಿಯನ್ (ನೆಲದಡಿ ವಾಸಿಸುವ ಗುಣ) ಹಾಕಿದರೆ ಮೀಡಿಯಂಗೆ ಇನ್ನೂ 6. ಒಟ್ಟು 18! ಓಷನ್, ಟೆರಾನ್ ಸಿಕ್ಕರಂತೂ ಗಯಾ (ಎಲ್ಲಕ್ಕಿಂತ ಒಳ್ಳೆಯ ಗ್ರಹ) ಲೆಕ್ಕ, 20 ದಾಟುತ್ತದೆ. ಎರಡಕ್ಕೂ ಸೇರಿ ಕೊಡುವುದು 11 ಪಿಕ್.

ನೀರಲ್ಲೂ ಇರುತ್ತದೆ, ಬಿಲದಲ್ಲೂ ಇರುತ್ತದೆ. ಅಂಥ ಪ್ರಾಣಿ ಯಾವುದು? ಕಾಳಿ ನದಿ ಸಮುದ್ರ ಸೇರುವಲ್ಲಿ ಕೆಸರಿನಲ್ಲಿ ಕೈ ಹಾಕಿದವರಿಗೆ ಗೊತ್ತು. ಏಡಿ. ನಮ್ಮ ಕಡೆ ಕೊಂಕಣಿಯಲ್ಲಿ ಕುರ್ಲಿ. ರೇಸಿಗೆ ಅದೇ ಹೆಸರಿಟ್ಟೆ.

ಪಿಕ್ ಹೀಗಿವೆ: ಯೂನಿಫಿಕೇಶನ್ 6, ಸಬ್‌ಟೆರೇನಿಯನ್ 6, ಅಕ್ವಾಟಿಕ್ 5, ರಿಚ್ ಹೋಮ್ ವರ್ಲ್ಡ್ 2, ಲಾರ್ಜ್ ಹೋಮ್ ವರ್ಲ್ಡ್ 1. ಒಟ್ಟು 20. ದೌರ್ಬಲ್ಯಕ್ಕೆ ವಾಪಸ್ ಬಂದದ್ದು ರಿಪಲ್ಸಿವ್ 6, ಶಿಪ್ ಅಟ್ಯಾಕ್ ಮೈನಸ್ 20ಕ್ಕೆ 2, ಗ್ರೌಂಡ್ ಕಾಂಬ್ಯಾಟ್ ಮೈನಸ್ 10ಕ್ಕೆ 2. ಗೆಳೆಯ ಇದನ್ನು ನೋಡಿ "ಹೊಡೆಯೋಕೂ ಬರೋದಿಲ್ಲ, ಮಾತಾಡೋಕೂ ಬರೋದಿಲ್ಲ" ಅಂದ. ಆದರೆ ಶಿಪ್ ಅಟ್ಯಾಕ್ ಬೀಮ್ ಆಯುಧಕ್ಕೆ ಸಂಬಂಧಪಟ್ಟದ್ದು. ಮಿಸೈಲಿಗೆ ಅದರ ಗೊಡವೆಯೇ ಇಲ್ಲ. ಆರಂಭದಲ್ಲಿ ಮಿಸೈಲ್ ಬೋಟುಗಳಲ್ಲೇ ಬದುಕುವವನಿಗೆ ಅದು ಪುಕ್ಕಟೆ 2 ಪಿಕ್. ಗ್ರೌಂಡ್ ಕಾಂಬ್ಯಾಟ್‌ನಲ್ಲೂ ಅಷ್ಟೆ, ಸಬ್‌ಟೆರೇನಿಯನ್ ತನ್ನ ಗ್ರಹ ಕಾಯುವಾಗ 10 ವಾಪಸ್ ಕೊಡುತ್ತದೆ. ಕುರ್ಲಿಯನ್ನು ಅದರ ಬಿಲದಿಂದ ಎಳೆಯುವುದು ಸುಲಭ ಅಲ್ಲ, ಬೆರಳು ಕೊಟ್ಟವರನ್ನು ಕೇಳಿ.

ಕಾಗದದ ಮೇಲೆ ಇಷ್ಟು ಚಂದ ಇದ್ದದ್ದು ಎರಡನೇ ವರ್ಷ ಪೂರ್ತಿ ಸೋತಿತು. ಕಾರಣ ನಾಚಿಕೆಗೇಡಿನದು, ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಹಡಗು. ಫ್ರೈಟರ್. ಜನ ಬೆಳೆದರು, ನಾನು ಬಡ ಗ್ರಹಗಳಲ್ಲೂ ಎಲ್ಲರನ್ನೂ ಫ್ಯಾಕ್ಟರಿಗೆ ಹಾಕಿದೆ, ಊಟ ಮನೆ ಗ್ರಹದಿಂದ ಬರಲಿ ಅಂತ. ಒಂದು ಫ್ಲೀಟಿಗೆ 5 ಫ್ರೈಟರ್, ಒಂದು ಫ್ರೈಟರಿಗೆ ಒಂದು ಊಟ. ನನ್ನ ಹತ್ತಿರ ಇದ್ದದ್ದು 10, ಬೇಕಿದ್ದದ್ದು 17ರ ಮೇಲೆ. ಅದರ ಮಧ್ಯೆ ಜನರನ್ನು ಒಂದು ಗ್ರಹದಿಂದ ಇನ್ನೊಂದಕ್ಕೆ ಸಾಗಿಸಿದೆ, ಒಬ್ಬರಿಗೆ 5 ಫ್ರೈಟರ್ ಅಂತೆ. ಮೂರು ಕಾಲನಿ ಉಪವಾಸ ಬಿದ್ದವು. ದಿನವಿಡೀ ಐಸ್ ಲೋಡಿನ ಗಾಡಿ ಎಣಿಸುವವನು ಗಾಡಿ ಎಣಿಸದೆ ಸೋತದ್ದು! ಈ ಮಾತನ್ನು ಗೆಳೆಯನಿಗೆ ಇನ್ನೂ ಹೇಳಿಲ್ಲ.

ಆಮೇಲೆ ಕಮಾಂಡ್ ಪಾಯಿಂಟ್, ಅಂದರೆ ಎಷ್ಟು ಯುದ್ಧ ಹಡಗು ಸಾಕಬಹುದು ಎಂಬ ಮಿತಿ. ಹೆದರಿ ಹೆದರಿ ಮಿಸೈಲ್ ಬೋಟು ಕಟ್ಟುತ್ತಾ ಹೋದೆ. ಮಿತಿ ದಾಟಿದ ಒಂದೊಂದು ಪಾಯಿಂಟಿಗೂ ಟರ್ನಿಗೆ 10 ಬಿಸಿ (ಆಟದ ಹಣ). ಏಳು ಪಾಯಿಂಟ್ ಮೇಲೆ ಹೋಗಿದ್ದೆ. ಖಜಾನೆ ಕರಗಿದ್ದು ಮೇ ತಿಂಗಳ ಐಸಿನ ಹಾಗೆ. ಅರ್ಧ ಕಾಲನಿಗಳನ್ನು ಟ್ರೇಡ್ ಗೂಡ್ಸಿಗೆ ಹಾಕಿದೆ. ಅದು ಎರಡು ಪ್ರೊಡಕ್ಷನ್ನಿಗೆ ಒಂದು ಬಿಸಿ, ನಷ್ಟದ ವ್ಯಾಪಾರ. ಈಗ ಮೊದಲು ಆ ಮಿತಿ ಹೆಚ್ಚಿಸುವ ಸ್ಟಾರ್‌ಬೇಸ್, ಆಮೇಲೆ ಬೋಟು.

ಮೂರನೇ ವರ್ಷದ ಸೋಲು ಬೇರೆ ಥರ, ಅದೇ ನನಗೆ ದಾರಿ ತೋರಿಸಿದ್ದು. ಆಟ ಚೆನ್ನಾಗಿಯೇ ಹೋಗುತ್ತಿತ್ತು. ಕೌನ್ಸಿಲ್ ಸೇರಿತು. ಎಲ್ಲರೂ ಸೈಲಾನ್ ಎಂಬ ರೇಸಿನವನಿಗೆ ವೋಟು ಹಾಕಿದರು, ಅವನು ಮೂರರಲ್ಲಿ ಎರಡು ಪಾಲು ದಾಟಿದ. ನಾನು ಒಪ್ಪುವುದಿಲ್ಲ ಅಂದೆ. ಎಲ್ಲರೂ ಸೇರಿ ನನ್ನ ಮೇಲೆ ಬಿದ್ದರು, ಹದಿನೈದು ಟರ್ನಿನಲ್ಲಿ ಕಥೆ ಮುಗಿಯಿತು. ಆ ರಾತ್ರಿ ಮಳೆಗೆ ಹಂಚು ಸೋರುತ್ತಿತ್ತು, ಪಾತ್ರೆ ಇಟ್ಟು ಕೂತು ಯೋಚಿಸಿದೆ. ಕೌನ್ಸಿಲಿನಲ್ಲಿ ವೋಟು ಜನಸಂಖ್ಯೆಯ ಲೆಕ್ಕದಲ್ಲಿ. ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ನನ್ನ ಹತ್ತಿರ ಇದ್ದರೆ ಬೇರೆ ಯಾರೂ ಗೆಲ್ಲಲಾರರು. ಎರಡು ಪಾಲು ಇದ್ದರೆ ನನಗೆ ಯಾರ ಸ್ನೇಹವೂ ಬೇಡ. ಹಾಗಿದ್ದ ಮೇಲೆ ರಿಪಲ್ಸಿವ್ ಆದರೆ ಏನು ನಷ್ಟ? ಮಾತಾಡಿಸುವುದೇ ಬೇಡ ಅಲ್ವಾ?

ಅಲ್ಲಿಂದ ಎಲ್ಲ ಆಯ್ಕೆಯನ್ನೂ ತಲೆ ಎಣಿಕೆಗೆ ತಿರುಗಿಸಿದೆ. ಸಂಶೋಧನೆಯ ಒಂದೊಂದು ಹಂತದಲ್ಲೂ ಒಂದನ್ನೇ ಆರಿಸಬೇಕು. ಹೈಡ್ರೋಪೋನಿಕ್ ಫಾರ್ಮ್ ಬಿಟ್ಟು ಬಯೋಸ್ಫಿಯರ್, ಪ್ರತಿ ಗ್ರಹಕ್ಕೂ ಜನಸಂಖ್ಯೆ 2 ಜಾಸ್ತಿ. ಊಟದ ಚಿಂತೆ ಇಲ್ಲ, ಯೂನಿಫಿಕೇಶನ್ ಅರ್ಧದಷ್ಟು ಹೆಚ್ಚು ಕೊಡುತ್ತದೆ. ಸಾಯಿಲ್ ಎನ್ರಿಚ್‌ಮೆಂಟ್ ಬಿಟ್ಟು ಜನರನ್ನು ಬೇಗ ಬೆಳೆಸುವ ಕ್ಲೋನಿಂಗ್ ಸೆಂಟರ್. ಆಟೊಮೇಟೆಡ್ ಫ್ಯಾಕ್ಟರಿ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಯೂನಿಫಿಕೇಶನ್‌ನಲ್ಲಿ ಮೊರೇಲ್ (ಜನರ ಹುರುಪು) ಇಲ್ಲ, ಹಾಗಾಗಿ ಅದನ್ನು ಹೆಚ್ಚಿಸುವ ಹೋಲೊ ಸಿಮ್ಯುಲೇಟರ್ ಕಡೆ ತಿರುಗಿಯೂ ನೋಡಲಿಲ್ಲ. ಮರ್ಕ್ಯುಲೈಟ್ ಮಿಸೈಲೋ ಪೊಲ್ಯೂಷನ್ ಪ್ರೊಸೆಸರೋ ಎಂಬಲ್ಲಿ ನಾನು ಪ್ರೊಸೆಸರ್ ಹಿಡಿದೆ. ಇಲ್ಲಿ ಬೇರೆಯವರಿಗೆ ಬೇರೆ ಅನ್ನಿಸಬಹುದು.

ಜನಸಂಖ್ಯೆ ಬೇಗ ಬೆಳೆಸುವ ಹೌಸಿಂಗ್ ಅನ್ನು ಆರಂಭದಲ್ಲಿ ಎಷ್ಟು ಟರ್ನ್ ಇಡಬೇಕು, ಯಾವಾಗ ತೆಗೆಯಬೇಕು ಎಂಬುದೇ ಇದರ ಜೀವ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಮಳೆಗಾಲ ಕೊಟ್ಟು ಕಲಿತದ್ದು, ನೀವೂ ಒಂದು ಮಳೆಗಾಲ ಕೊಡಿ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಯೂನಿಫಿಕೇಶನ್ ತೆಗೆದು ಫ್ಯೂಡಲ್ (ಪಾಳೇಗಾರಿ ಆಡಳಿತ) ಹಾಕಿದರೆ 10 ಪಿಕ್ ಉಳಿಯುತ್ತದೆ, ಹಡಗು ಮೂರನೇ ಒಂದು ಪಾಲು ಅಗ್ಗ. ಸಂಶೋಧನೆ ಅರ್ಧಕ್ಕೆ ಇಳಿಯುತ್ತದೆ. ದೌರ್ಬಲ್ಯಕ್ಕೆ 10 ಪಿಕ್ಕಿನ ಮಿತಿ ಇರುವುದರಿಂದ ಶಿಪ್ ಅಟ್ಯಾಕ್, ಗ್ರೌಂಡ್ ಕಾಂಬ್ಯಾಟ್ ಮೈನಸ್ ಎರಡನ್ನೂ ತೆಗೆದೆ, ಅದಕ್ಕೆ 4 ಹೋಯಿತು; ಉಳಿದ 6 ಜನಸಂಖ್ಯೆ ದುಪ್ಪಟ್ಟು ಬೆಳೆಯುವುದಕ್ಕೆ ಹಾಕಿದೆ. ಎಂಟು ಹತ್ತು ದಿನ ಬಹಳ ಮಜಾ ಬಂತು, 3508ಕ್ಕೇ ಪಕ್ಕದ ಮೆಕ್ಲಾರ್ ರೇಸಿನವನು ಹೋದ. ಆಮೇಲೆ ಎಲ್ಲರೂ ನನ್ನ ಮುಂದೆ ಹೊಸ ಹೊಸ ಆಯುಧ ತಂದರು, ನಾನು ನ್ಯೂಕ್ಲಿಯರ್ ಮಿಸೈಲಿನಲ್ಲೇ ಉಳಿದೆ. ಬಿಟ್ಟೆ.

ಗೆದ್ದ ಆಟ ಹೀಗಿತ್ತು. ಲಾರ್ಜ್ ಗ್ಯಾಲಕ್ಸಿ, ನನ್ನನ್ನು ಸೇರಿಸಿ 6 ಜನ, ಆಗಾಗ ಹೊರಗಿನಿಂದ ದಾಳಿ ಮಾಡುವ ಅಂಟಾರನ್‌ಗಳೂ ಆನ್. ಮೊದಲು ಆರ್ಗ್ಯಾನಿಕ್ ರಿಚ್ (ವಾಸಕ್ಕೆ ಒಳ್ಳೆಯ ಗ್ರಹ ಹೆಚ್ಚಿರುವ ಗ್ಯಾಲಕ್ಸಿ) ಇಟ್ಟಿದ್ದೆ, ಗೆಳೆಯ "ಅದು ಮೋಸ" ಅಂದ. ಸರಿ, ಆವರೇಜ್ ಮಾಡಿದೆ. 3509ರ ಹೊತ್ತಿಗೆ 11 ಕಾಲನಿ, ಅದರಲ್ಲಿ ಏಳು ಬೇರೆಯವರು ಮೂಸಿಯೂ ನೋಡದ ಟುಂಡ್ರಾ, ಸ್ವಾಂಪ್. ಸಕ್ರಾ ಎಂಬ ರೇಸಿನವನು ಎರಡು ಸಲ ದಾಳಿಗೆ ಬಂದ, ಮಿಸೈಲ್ ಬೋಟು ತಡೆದವು. ಬೋಟುಗಳನ್ನು ಹೇಗೆ ನಿಲ್ಲಿಸಿದೆ ಅಂತ ಕೇಳಬೇಡಿ. 3518ಕ್ಕೆ ಜನಸಂಖ್ಯೆಯಲ್ಲಿ ಅರ್ಧಕ್ಕೆ ಹತ್ತಿರ ಬಂದೆ, ಅಲ್ಲಿಗೆ ನಿಂತುಬಿಟ್ಟಿತು. ಖಾಲಿ ಗ್ರಹ ಮುಗಿದಿತ್ತು. ಗೆದ್ದುಕೊಂಡ ಜನ ನಮ್ಮವರಾಗಲು ಯೂನಿಫಿಕೇಶನ್‌ನಲ್ಲಿ ತಲೆಗೆ 20 ಟರ್ನ್ ಹಿಡಿಯುತ್ತದೆ, ಅದು ಆಗದ ಮಾತು.

ಪಾಲು ಹೆಚ್ಚಿಸಲು ಇನ್ನೊಂದು ದಾರಿ ಇದೆ, ಬೇರೆಯವರನ್ನು ಕಡಿಮೆ ಮಾಡುವುದು. ಸೈನಿಕರನ್ನು ಇಳಿಸದೆ ಬರೀ ಬಾಂಬು ಹಾಕಿದೆ. ಸಕ್ರಾನ ನಾಲ್ಕು ದೊಡ್ಡ ಗ್ರಹ ಖಾಲಿಯಾದವು, ಅಲ್ಲಿಗೆ ನನ್ನ ಕಾಲನಿ ಹಡಗು ಹೋದವು. ಒಳ್ಳೆಯವರು ಮಾಡುವ ಕೆಲಸ ಅಲ್ಲ. ಹೇಗೂ ರಿಪಲ್ಸಿವ್.

3524ರ ಆಸುಪಾಸು ಕೌನ್ಸಿಲ್ ಸೇರಿತು. ಐದು ಜನರಲ್ಲಿ ಒಬ್ಬನೂ ನನಗೆ ಹಾಕಲಿಲ್ಲ. ನನ್ನ ಸರದಿ ಬಂದಾಗ ನನಗೇ ಹಾಕಿಕೊಂಡೆ. ಮೂರರಲ್ಲಿ ಎರಡು ಪಾಲು, ಮೇಲೆ ಮೂರೋ ನಾಲ್ಕೋ ವೋಟು. ಫೋಟೋ ತೆಗೆದು ಶಿರಸಿಗೆ ಕಳಿಸಿದೆ. ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ "ಪಿಕ್ ಇನ್ನೊಂದ್ಸಲ ಕಳ್ಸು" ಅಂತ ಬಂತು.

ಕಳಿಸಿದೆ. ಅವನು ಎರಡು ಸಲ ಆಡಿ ಎರಡೂ ಸಲ 3507ಕ್ಕೇ ಸೋತ. ಹೌಸಿಂಗ್ ಮೂವತ್ತು ಟರ್ನ್ ಇಟ್ಟಿದ್ದನಂತೆ. ಇನ್ನೂ ಏನೂ ಹೇಳಿಲ್ಲ. ಮೊನ್ನೆ ಒಂದು ಕೊಳಗ ಅಪ್ಪೆಮಿಡಿ ಕಳಿಸುತ್ತೇನೆ ಅಂದಿದ್ದಾನೆ, ನೋಡೋಣ.