ನಿಮ್ಮ ಕಣ್ಣಿನ ಕುರುಡು ಚುಕ್ಕೆಯನ್ನು ನೀವೇ ಹುಡುಕಿ

ದೃಷ್ಟಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ಎರಡೂ ಕಣ್ಣುಗಳಲ್ಲಿ ಏನೂ ಕಾಣದ ಒಂದೊಂದು ಜಾಗವಿದೆ. ಇಷ್ಟು ವರ್ಷ ಅದು ನಿಮ್ಮ ಗಮನಕ್ಕೆ ಬಂದಿಲ್ಲ, ಯಾಕೆಂದರೆ ಮಿದುಳು ಅದಕ್ಕೆ ತೇಪೆ ಹಾಕುತ್ತಲೇ ಇದೆ. ಆ ತೇಪೆಯನ್ನು ಪತ್ತೆ ಮಾಡಲು ಒಂದು ಬಿಳಿ ಹಾಳೆ, ಸ್ಕೆಚ್ ಪೆನ್ನು, ಸ್ಕೇಲು ಸಾಕು.

ಹಾಳೆಯ ಎಡಬದಿಯಲ್ಲಿ ಚಿಕ್ಕದೊಂದು ಕೂಡಿಸುವ ಚಿಹ್ನೆ ಹಾಕಿ. ಅದೇ ಸಾಲಿನಲ್ಲಿ ಬಲಕ್ಕೆ 8 ಸೆಂ.ಮೀ. ಅಳೆದು, 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಬರೆಯಿರಿ. ಈಗ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಹಾಳೆಯನ್ನು ತೋಳು ಚಾಚಿ ಹಿಡಿದು, ಬಲಗಣ್ಣಿನಿಂದ ಕೂಡಿಸುವ ಚಿಹ್ನೆಯನ್ನೇ ದಿಟ್ಟಿಸಿ. ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಮುಖದಿಂದ ಸುಮಾರು 30 ಸೆಂ.ಮೀ. ದೂರಕ್ಕೆ ಬರುವ ಹೊತ್ತಿಗೆ ಚುಕ್ಕೆ ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಪ್ರತ್ಯಕ್ಷ.

ಆಗಲಿಲ್ಲವೇ? ಬಹುಪಾಲು ತಪ್ಪು ಒಂದೇ: ಕಣ್ಣು ಕದ್ದು ಚುಕ್ಕೆಯ ಕಡೆ ಹೋಗಿರುತ್ತದೆ. ನನಗೂ ಮೊದಲೆರಡು ಸಲ ಹಾಗೇ ಆಯಿತು, 'ಈಗ ಮಾಯವಾಯಿತೇ?' ಎಂದು ನೋಡುವ ಚಪಲ. ಹಾಳೆ ಓರೆಯಾದರೂ ಕೆಲಸ ಕೆಡುತ್ತದೆ. ಎಡಗಣ್ಣಿನ ಪರೀಕ್ಷೆಗೆ ಬಲಗಣ್ಣು ಮುಚ್ಚಿ, ಚುಕ್ಕೆಯನ್ನು ದಿಟ್ಟಿಸಿ. ಆಗ ಚಿಹ್ನೆ ಮರೆಯಾಗುತ್ತದೆ.

ಕಾರಣ ಕಣ್ಣಿನ ರಚನೆಯಲ್ಲೇ ಇದೆ. ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ಒಳಗೋಡೆಯ ಪರದೆಯಾದ ಅಕ್ಷಿಪಟಲದ (ರೆಟಿನಾ) ಹಿಂಬದಿಯ ಪದರದಲ್ಲಿವೆ; ಅವುಗಳ ಸಂದೇಶ ಒಯ್ಯುವ ನರತಂತುಗಳು ಅವುಗಳ ಮುಂದೆ ಹರಡಿಕೊಂಡಿವೆ. ಸುಮಾರು 10 ಲಕ್ಷ ತಂತುಗಳು ಒಂದು ಕಡೆ ಕೂಡಿ, ಹಗ್ಗದಂತೆ ಹೊಸೆದುಕೊಂಡು, ಪಟಲವನ್ನು ತೂರಿ ಮಿದುಳಿನತ್ತ ಹೊರಡಬೇಕು. ಹೀಗೆ ತೂರುವ ಜಾಗದಲ್ಲಿ ಗ್ರಾಹಕ ಕೋಶಗಳಿಗೆ ಎಡೆಯೇ ಇಲ್ಲ. ಆಕ್ಟೋಪಸ್‌ನ ಕಣ್ಣಲ್ಲಿ ತಂತುಗಳು ಹಿಂದಿನಿಂದಲೇ ಹೊರಡುವುದರಿಂದ ಅದಕ್ಕೆ ಈ ತೊಂದರೆಯಿಲ್ಲ. ಈ ಒಂದು ವಿಷಯದಲ್ಲಿ ಅದರ ಕಣ್ಣೇ ಅಚ್ಚುಕಟ್ಟು ಎನ್ನಬೇಕು. ನಮ್ಮ ಕಣ್ಣಿನ ಈ ಕೊರತೆಯನ್ನು 1660ರ ದಶಕದಲ್ಲಿ ಗುರುತಿಸಿದವರು ಫ್ರಾನ್ಸಿನ ವಿಜ್ಞಾನಿ ಎಡ್ಮ್ ಮಾರಿಯೊಟ್.

ಕುರುಡು ಚುಕ್ಕೆ ಎಂದರೆ ಸೂಜಿಮೊನೆಯಷ್ಟಿರಬೇಕು ಎಂದುಕೊಳ್ಳಬೇಡಿ. ಆಗಸದಲ್ಲಿ ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದರೂ ಅದರೊಳಗೆ ಹಿಡಿಸುತ್ತಾರೆ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಸರಿ. ಒಂದೇ ಕಣ್ಣಲ್ಲಿ ನೋಡುವಾಗಲೂ ಕಪ್ಪು ಕಲೆ ಕಾಣುವುದಿಲ್ಲವಲ್ಲ?

ಅದಕ್ಕೆ ಇನ್ನೊಂದು ಹಾಳೆ ತೆಗೆದುಕೊಳ್ಳಿ. ಚಿಹ್ನೆ ಮೊದಲಿನಂತೆಯೇ ಇರಲಿ. ಚುಕ್ಕೆಯ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ದಪ್ಪನೆಯ ಗೆರೆ ಎಳೆಯಿರಿ, ನಡುವೆ ಒಂದೂವರೆ ಸೆಂ.ಮೀ. ಖಾಲಿ ಬಿಡಿ. ಅದೇ ದೂರದಿಂದ ಮತ್ತೆ ಬಲಗಣ್ಣಿನಿಂದ ನೋಡಿದರೆ ತುಂಡು ಗೆರೆ ಇಡಿಯಾಗಿ ಕೂಡಿಕೊಂಡಂತೆ ಕಾಣುತ್ತದೆ. ಅಲ್ಲಿ ಮಸಿಯಿಲ್ಲ, ಅಲ್ಲಿಂದ ಕಣ್ಣು ಯಾವ ಸುದ್ದಿಯನ್ನೂ ಕಳಿಸಿಲ್ಲ. ಮಿದುಳು ಸುತ್ತಮುತ್ತ ಇರುವುದನ್ನು ನೋಡಿಕೊಂಡು ಖಾಲಿ ಜಾಗ ತುಂಬಿದೆ. ಬಣ್ಣದ ಹಾಳೆಯಾದರೆ ಬಣ್ಣ ಬಳಿಯುತ್ತದೆ, ಗೆರೆಯಾದರೆ ಗೆರೆ ಮುಂದುವರಿಸುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ನೋಟದ ಅಂಚು ಸವೆಯುತ್ತಾ ಬಂದರೂ ಎಷ್ಟೋ ಜನರಿಗೆ ತಡವಾಗಿ ತಿಳಿಯುವುದಕ್ಕೆ ಈ ತೇಪೆಯೂ ಒಂದು ಕಾರಣ.

ಕೊನೆಗೊಂದು ತಮಾಷೆ. ಗೆಳೆಯರೊಬ್ಬರನ್ನು ಗೋಡೆಗೆ ಒರಗಿಸಿ ಕೂರಿಸಿ, 3 ಮೀಟರ್ ದೂರದಲ್ಲಿ ನೀವು ಕುಳಿತುಕೊಳ್ಳಿ. ಎಡಗಣ್ಣು ಮುಚ್ಚಿ, ಅವರ ತಲೆಯಿಂದ ಸುಮಾರು 80 ಸೆಂ.ಮೀ. ನಿಮ್ಮ ಎಡಕ್ಕೆ, ಅವರ ಕಣ್ಣಿನ ಮಟ್ಟಕ್ಕಿಂತ ಒಂಚೂರು ಮೇಲೆ, ಗೋಡೆಯ ಮೇಲೊಂದು ಗುರುತು ಮಾಡಿ ದಿಟ್ಟಿಸಿ. ಬೇಕಾದರೆ ನೋಟವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ. ಭುಜದ ಮೇಲೆ ತಲೆಯಿರುವುದಿಲ್ಲ, ಬರೀ ಗೋಡೆ. 'ಏನಾಯ್ತು, ಕಾಣ್ತಿದೆಯಾ?' ಎಂದು ಅವರು ಕೇಳುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.