ಆಫೀಸ್ ಆ್ಯಪ್ ಎಲ್ಲಿ ಸೋರುತ್ತಿದೆ? ಎರಡು ಫೋನ್ ಇಟ್ಟುಕೊಂಡು ನೋಡಿ

ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್, ಫೋನ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಜರಿ, ರಜೆ, ಪೇ ಸ್ಲಿಪ್ ಎಲ್ಲ ಈಗ ಮೊಬೈಲ್ ಆ್ಯಪಿನಲ್ಲೇ. ಒಂದು ದಿನ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಒಬ್ಬರು ಮಗಳ ಫೋಟೊ ತೋರಿಸಲು ಹೋಗಿ ಈಚೆಗೆ ತೆರೆದ ಆ್ಯಪ್‌ಗಳನ್ನೆಲ್ಲ ತೋರಿಸುವ ರೀಸೆಂಟ್ಸ್ ಬಟನ್ ಒತ್ತಿದರು. ಗ್ಯಾಲರಿಯ ಪಕ್ಕದಲ್ಲೇ ಅವರ ಪೇ ಸ್ಲಿಪ್ ಕಂಡಿತು. ಆ್ಯಪಿಗೆ ಪಿನ್ ಇತ್ತು, ಆದರೂ ಮೇಜಿನ ಸುತ್ತ ಕೂತ ನಾಲ್ಕೂ ಜನಕ್ಕೆ ಅವರ ಸಂಬಳ ಗೊತ್ತಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಂದಿನಿಂದ ಹೊಸ ಆ್ಯಪ್ ಬಂದರೆ ಎಲ್ಲರಿಗೂ ಹಂಚುವ ಮೊದಲು ಅರ್ಧ ದಿನ ನಾನೇ ಕೂತು ನೋಡುತ್ತೇನೆ.

ಮೊದಲು ಅದೇ ಪರೀಕ್ಷೆ. ಪೇ ಸ್ಲಿಪ್ ತೆರೆದು, ರೀಸೆಂಟ್ಸ್ ಒತ್ತಿ. ಅಂಕಿಗಳು ಕಂಡರೆ ಸೋರಿಕೆ. ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಗ್ ಸೆಕ್ಯೂರ್ ಅನ್ನುವ ಸೆಟ್ಟಿಂಗ್ ಒಂದಿದೆ. ಆ್ಯಪ್ ಬರೆಯುವವರು ಅದನ್ನು ಹಾಕಿದರೆ ಈ ಚಿತ್ರವೂ ಕಾಣುವುದಿಲ್ಲ, ಸ್ಕ್ರೀನ್‌ಶಾಟೂ ಬರುವುದಿಲ್ಲ. ಒಂದೇ ಸಾಲಿನ ಕೆಲಸ. ಐಫೋನಿನಲ್ಲಿ ಆ್ಯಪ್ ಹಿಂದೆ ಸರಿಯುವಾಗ ಪರದೆ ಮುಚ್ಚುವ ಕೋಡನ್ನು ಅವರೇ ಬರೆಯಬೇಕು.

ಆಮೇಲೆ ಫೋನ್ ಲಾಕ್ ಮಾಡಿ, ಇನ್ನೊಬ್ಬರಿಂದ ಆ್ಯಪಿನಲ್ಲೇ ಒಂದು ಮೆಸೇಜ್ ಕಳಿಸಲು ಹೇಳಿ. ಲಾಕ್ ಸ್ಕ್ರೀನಿನ ಮೇಲೆ ‘ಹೊಸ ಸಂದೇಶ’ ಅಂತಷ್ಟೇ ಬಂದರೆ ಸರಿ. ‘ನಿಮ್ಮ ಮೆಡಿಕಲ್ ರಜೆ ಮಂಜೂರಾಗಿದೆ’ ಅಂತ ಬಂದರೆ ಬರೆದಿಟ್ಟುಕೊಳ್ಳಿ.

ಈಗ ಲಾಗ್ ಔಟ್ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ನಮ್ಮಲ್ಲಿ ಹನ್ನೊಂದು ತಿಂಗಳ ಸ್ಲಿಪ್ ಅಲ್ಲೇ ಬಿದ್ದಿದ್ದವು. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ವಾ ಅನ್ನುತ್ತೀರಾ? ಅದು ಹುಟ್ಟಿದ ದಿನಾಂಕ. ಆಫೀಸಿನಲ್ಲಿ ಅವರ ಕೇಕ್ ತಿಂದವರಿಗೆಲ್ಲ ಅರ್ಧ ಪಾಸ್‌ವರ್ಡ್ ಗೊತ್ತೇ ಇರುತ್ತದೆ.

ಸ್ವಲ್ಪ ಕಂಪ್ಯೂಟರ್ ಗೊತ್ತಿದ್ದರೆ ಫೋನಿನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಲಾಗ್‌ಕ್ಯಾಟ್ ಓಡಿಸಿ. ಫೋನಿನೊಳಗೆ ಆ್ಯಪ್‌ಗಳು ಬರೆಯುವ ಟಿಪ್ಪಣಿಗಳನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಆ್ಯಪಿನಲ್ಲಿ ಲಾಗಿನ್ ಆಗುತ್ತಾ ಆ ಸಾಲುಗಳನ್ನು ನೋಡಿ. ನಿಮ್ಮ ಮೊಬೈಲ್ ನಂಬರ್, ಓಟಿಪಿ, ಟೋಕನ್ (ಲಾಗಿನ್ ಆದವರನ್ನು ಸರ್ವರ್ ಗುರುತಿಸುವ ಗುಟ್ಟಿನ ಸಂಕೇತ) ಅಲ್ಲಿ ಹರಿದುಹೋಗಬಾರದು. ಪರೀಕ್ಷೆಗೆಂದು ಬರೆದ ಲಾಗ್ ಸಾಲುಗಳನ್ನು ತೆಗೆಯಲು ಮರೆತೇ ಆ್ಯಪ್ ಬಿಟ್ಟಿರುತ್ತಾರೆ. ಮುಗಿದ ಮೇಲೆ ಡೀಬಗಿಂಗ್ ಆಫ್ ಮಾಡಿ.

ಇಲ್ಲಿಯವರೆಗಿನದು ಒಂದು ಫೋನಿನ ಸೋರಿಕೆ. ಮುಂದಿನದು ಇಡೀ ಕಾರ್ಖಾನೆಯದು, ಜಾಸ್ತಿ ಹೊತ್ತು ಇದಕ್ಕೇ ಕೊಡಿ.

ಒಬ್ಬರ ಲಾಗಿನ್‌ಗೆ ಇನ್ನೊಬ್ಬರ ದಾಖಲೆ ಸಿಗುತ್ತದಾ ಅಂತ ನೋಡಲು ಎರಡು ಟೆಸ್ಟ್ ಖಾತೆ, ಎರಡು ಫೋನ್ ಬೇಕು. ಆ್ಯಪ್ ಮಾಡಿದವರಿಂದ ಲಿಖಿತ ಒಪ್ಪಿಗೆಯೂ ಬೇಕು. ಸುಮ್ನೆ ಕುತೂಹಲಕ್ಕೆ ಸಹೋದ್ಯೋಗಿಯ ದಾಖಲೆ ತೆಗೆದರೆ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ನಿಮ್ಮ ಮೇಲೇ ಬರಬಹುದು. ಆ್ಯಪ್ ಮತ್ತು ಸರ್ವರ್ ನಡುವಿನ ಮಾತು ಕೇಳಲು ಎಂಐಟಿಎಂಪ್ರಾಕ್ಸಿ ಎಂಬ ಉಚಿತ ಸಾಧನವಿದೆ. ಗೂಢಲಿಪಿಯಲ್ಲಿರುವ ಆ ಮಾತನ್ನು ಓದಲು ಅದರ ಸರ್ಟಿಫಿಕೇಟನ್ನು ಫೋನಿಗೆ ಹಾಕಬೇಕು. ನನಗೆ ಮೊದಲ ಸಲ ಏನೂ ಕಾಣಲೇ ಇಲ್ಲ. ಆಂಡ್ರಾಯ್ಡ್ 7ರಿಂದ ಈಚೆಗೆ, ನಾವು ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಅದಕ್ಕೇ ಆ್ಯಪ್ ಮಾಡಿದ ಕಂಪನಿಯಿಂದ, ಆ ಸರ್ಟಿಫಿಕೇಟನ್ನು ನಂಬುವಂತೆ ಮಾಡಿದ ಡೀಬಗ್ ಬಿಲ್ಡ್ (ಪರೀಕ್ಷೆಗೆಂದೇ ಮಾಡಿದ ಆ್ಯಪ್) ಕೇಳಿ ಪಡೆಯಿರಿ.

ಮೊದಲ ಖಾತೆಯಿಂದ ಪೇ ಸ್ಲಿಪ್ ತೆರೆಯಿರಿ. ಹೋಗುವ ವಿನಂತಿಯಲ್ಲಿ 1047 ಅನ್ನುವಂಥ ಒಂದು ನಂಬರ್ ಇರುತ್ತದೆ. ಅದರ ಜಾಗದಲ್ಲಿ ಎರಡನೇ ಖಾತೆಯ ಸ್ಲಿಪ್ ನಂಬರ್ ಹಾಕಿ, ಮೊದಲ ಖಾತೆಯ ಲಾಗಿನ್‌ನಲ್ಲೇ ಮತ್ತೆ ಕಳಿಸಿ. 403 (ಅನುಮತಿ ಇಲ್ಲ ಅನ್ನುವ ಸಂಕೇತ) ಬಂದರೆ ಒಳ್ಳೆಯದು, ಸರ್ವರ್ ಬಾಗಿಲು ಹಾಕಿದೆ. ನನಗೆ ಬಂದದ್ದು ಎರಡನೇ ಖಾತೆಯ ಸ್ಲಿಪ್. ಟೆಸ್ಟ್ ಖಾತೆಗೆ ನಾನೇ ಕೊಟ್ಟ ಸುಳ್ಳು ಬ್ಯಾಂಕ್ ಖಾತೆ ನಂಬರ್ ಸಮೇತ. ನೀನು ಯಾರು ಅಂತ ಸರ್ವರ್ ಕೇಳಿತ್ತು, ಈ ಸ್ಲಿಪ್ ನಿನ್ನದಾ ಅಂತ ಕೇಳಿರಲಿಲ್ಲ. ಸಾಫ್ಟ್‌ವೇರ್ ಸುರಕ್ಷತೆಗೆ ಕೆಲಸ ಮಾಡುವ ಒವಾಸ್ಪ್ ಸಂಸ್ಥೆಯ ಎಪಿಐ (ಆ್ಯಪ್ ಸರ್ವರ್ ಜೊತೆ ಮಾತಾಡುವ ದಾರಿ) ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದೇ ತಪ್ಪಿಗೆ.

ತಪ್ಪು ಕಂಡರೆ ಅಲ್ಲೇ ನಿಲ್ಲಿಸಿ. ಇನ್ನೂ ಎಷ್ಟು ಜನರದ್ದು ಬರುತ್ತದೆ ನೋಡೋಣ ಅಂತ ಮುಂದುವರಿಯಬೇಡಿ. ಆ್ಯಪಿನ ವರ್ಷನ್, ದಿನಾಂಕ, ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದು ಕಂಪನಿಗೆ ಕಳಿಸಿ. ವಾಟ್ಸಾಪ್ ಗ್ರೂಪಿಗೆ ಬೇಡ. ಅವರು ಉತ್ತರವೇ ಕೊಡದಿದ್ದರೆ ಸರ್ಟ್-ಇನ್‌ಗೆ ತಿಳಿಸಬಹುದು, ಭಾರತದಲ್ಲಿ ಇಂಥ ದೋಷಗಳನ್ನು ಕೇಳುವ ಸರ್ಕಾರಿ ಸಂಸ್ಥೆ ಅದು.

ನಮಗೆ ವಾರದಲ್ಲಿ ಅಪ್‌ಡೇಟ್ ಬಂತು. 1047ರ ಬದಲು ಉದ್ದದ ಅಕ್ಷರಮಾಲೆ ಹಾಕಿದ್ದರು. ಊಹಿಸುವುದು ಕಷ್ಟವಾಯಿತು, ನಿಜ. ಆದರೆ ಎರಡನೇ ಖಾತೆಯ ಮಾಲೆಯನ್ನು ನಕಲು ಮಾಡಿ ಮೊದಲ ಖಾತೆಯಿಂದ ಕಳಿಸಿದರೆ ಸ್ಲಿಪ್ ಮತ್ತೆ ಬಂತು! ವಾಪಸ್ ಬರೆದೆ. ಮೂರನೇ ಅಪ್‌ಡೇಟಿಗೆ 403 ಬಂತು.

ನನ್ನ ಎರಡನೇ ಫೋನಿನಲ್ಲಿ ಮಾತ್ರ ಹಳೆಯ ವರ್ಷನ್ ಹಾಗೇ ಉಳಿದಿತ್ತು. ಅದರಿಂದಲೂ ಒಮ್ಮೆ ಕಳಿಸಿ ನೋಡಿದೆ. ಸ್ಲಿಪ್ ಬಂತು. ಹಳೆಯ ಆ್ಯಪ್ ವಿನಂತಿ ಕಳಿಸುವ ವಿಳಾಸ ಸರ್ವರ್‌ನಲ್ಲಿ ಇನ್ನೂ ತೆರೆದೇ ಇತ್ತು. ಹಾಗಾಗಿ ಆ್ಯಪ್ ಅಪ್‌ಡೇಟ್ ಮಾಡುವ ಮೊದಲು ಒಂದು ಫೋನನ್ನು ಹಳೆಯ ವರ್ಷನ್‌ನಲ್ಲೇ ಬಿಡಿ.